ಗೆರೆಯಿಲ್ಲದ ನದಿ

ಆಗ ನನಗೆ ಅರವತ್ತೆರಡು. ಈ ಮಾತಿಗೆ ಎಂಟು ವರ್ಷವಾಯಿತು. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಬಸವಕಲ್ಯಾಣದಲ್ಲಿ ಹೊಸ ಮನೆ ಕಟ್ಟಿಸಿ ಎಲ್ಲರನ್ನೂ ಊಟಕ್ಕೆ ಕರೆದಿದ್ದಳು. ಹಾಲ್‌ನ ಗೋಡೆಗೆ ಅವಳೇ ಬರೆದ ಚಿತ್ರ ತೂಗುಹಾಕಿದ್ದಳು: ಹೈದರಾಬಾದಿನ ಮೂಸಿ ನದಿ, ಸಂಜೆ ಹೊತ್ತು. ಅಲ್ಲಿ ಮಗಳ ಮನೆಯಲ್ಲಿದ್ದಾಗ ಕಲಿತಳಂತೆ.

ನಮ್ಮ ಬಳಗದಲ್ಲಿ ಮದುವೆ ಎಂದರೆ ಬಾಗಿಲ ಗೋಡೆಗೆ ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಸುಣ್ಣದಲ್ಲಿ ಗಿಳಿ, ಬಾಳೆ ಬರೆಯುವ ಕೈ ನನ್ನದು. ಮೊದಲು ಗೆರೆ, ಆಮೇಲೆ ಬಣ್ಣ. ಇವಳು ಗೆರೆ ಎಳೆದರೆ ನಡೆಯುವ ಎತ್ತು ಉಚ್ಚೆ ಹೊಯ್ದಂತೆ ಸೊಟ್ಟ. ಅಳಿಸಿ ತಿದ್ದುತ್ತಿದ್ದವಳು ನಾನೇ.

ಚಿತ್ರದ ಹತ್ತಿರ ಹೋಗಿ ಮೂಗು ತಾಗುವಂತೆ ನೋಡಿದೆ. ನೀರಿಲ್ಲ, ದಂಡೆಯಿಲ್ಲ. ಬರೀ ನೀಲಿ, ಕಿತ್ತಳೆ, ಬೂದಿಬಣ್ಣದ ತೇಪೆಗಳು.

“ಏನವ್ವಾ ಇದು, ಕೋಳಿ ಕೆದರ್ಯಾದೇನ?” ಎಂದೆ.

“ಯಕ್ಕಾ, ಬಾಗಲದಾಗ ನಿಂತು ನೋಡು. ಬಣ್ಣ ನಾ ಕಲಸಿಲ್ಲ, ಒಂದರ ಬಾಜೂಕ ಒಂದು ಇಟ್ಟೀನಿ. ದೂರ ನಿಂತ್ರ ನಿನ್ನ ಕಣ್ಣೇ ಕಲಸ್ತದ,” ಎಂದಳು.

ಬಾಗಿಲಿಗೆ ಹೋಗಿ ತಿರುಗಿದೆ. ನೀರು ಹರಿಯುತ್ತಿತ್ತು. ಸೇತುವೆಯ ದೀಪಗಳು ಅದರಲ್ಲಿ ನಡುಗುತ್ತಿದ್ದವು. ಕೊಳಕು ನದಿಯೇ, ಆದರೂ ದಿನ ಮುಳುಗುವಾಗಿನ ಬೇಸರವೆಲ್ಲ ಅದರ ಮೇಲೆ ತೇಲುತ್ತಿತ್ತು. ನಾನು ತಿದ್ದಿದ ಆ ಸೊಟ್ಟ ಕೈಯೇ ಇದನ್ನು ಮಾಡಿತ್ತು.

ಅಷ್ಟರಲ್ಲಿ ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಊರಿನಿಂದ ಬಂದಿದ್ದ ನಾದಿನಿ, “ವೈನಿ, ನನ್ನ ಮಗಳ ಮದುವಿ ಗೋಡಿ ಈ ಸಲ ನೀವೇ ಬರೀರಿ,” ಎಂದಳು. ಹೇಳಿದ್ದು ಅತ್ತಿಗೆಯರಿಬ್ಬರಲ್ಲಿ ನನಗಲ್ಲ, ನೆಗೆಣ್ಣಿಗೆ.

“ನಾಳೆ ಮಧ್ಯಾಹ್ನ ಬರ್ತೀನಿ,” ಎಂದ ನೆಗೆಣ್ಣಿ ನನ್ನತ್ತ ತಿರುಗಿದಳು. “ಯಕ್ಕಾ, ನೀನೂ ಬಾ. ಮಣ್ಣ ಕಲಸಿ ಕೊಡಾಕ ಒಬ್ರು ಬೇಕು.”

“ಬರ್ತೀನಿ ತಗೋ,” ಎಂದೆ. ಹೋಳಿಗೆ ಎರಡನೆಯದು ಹಾಕಿಸಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹುಮನಾಬಾದಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಹುಡಗಿ ಸೇರಿದೆ. ಗೋಡೆ ಸಾರಿಸಿ, ನೆಗೆಣ್ಣಿ ಬರುವ ಮೊದಲೇ ಅದರ ತುಂಬ ಬರೆದೆ. ಅವಳಿಗೆ ಬೆರಳೂರುವಷ್ಟು ಜಾಗವನ್ನೂ ಬಿಡಲಿಲ್ಲ. ಕಡೆಯ ಗಿಳಿಯೊಂದನ್ನು ಮಾತ್ರ ಗೆರೆಯಿಲ್ಲದೆ ತೇಪೆ ತೇಪೆಯಾಗಿ ಒತ್ತಿದೆ. ಹಸಿ ಸುಣ್ಣ ಕಾಣುವುದಿಲ್ಲ, ಒಣಗಿದ ಮೇಲೇ ಬೆಳ್ಳಗಾಗುವುದು. ರಸ್ತೆ ದಾಟಿ ಆಚೆ ನಿಂತು ಕಾದೆ. ಒಣಗಿತು. ಗಿಳಿಯಾಗಿರಲಿಲ್ಲ. ವಾಪಸು ಬಂದು ಅದಕ್ಕೂ ಗೆರೆ ಎಳೆದೆ.