ಹತ್ತರಲ್ಲಿ ನಾಲ್ಕು ಪದ

ಅಮೆರಿಕದ ಲೂಯಿಸಿಯಾನಾದ ಕಬ್ಬಿನ ಸೀಮೆಯ ಲವೆಲ್ ಬ್ರುಸಾರ್ಡ್ ಒಂಬತ್ತು ವರ್ಷ ಚೆಂಡನ್ನೇ ಮುಟ್ಟದೆ ಫುಟ್‌ಬಾಲ್ ಆಡಿ ಅನ್ನ ಸಂಪಾದಿಸಿದವನು. ಚೆಂಡನ್ನು ಕೈಯಲ್ಲಿ ಹೊತ್ತು ಓಡುವ ಆ ಅಮೆರಿಕದ ಆಟದಲ್ಲಿ ಮುಂಸಾಲಿನವನ ಕೆಲಸವೇ ಅದು. ಚೆಂಡು ಹಿಡಿದವನ ಮೇಲೆ ಬೀಳಲು ನುಗ್ಗಿ ಬರುವವರಿಗೆ ಅಡ್ಡ ನಿಂತು ತಲೆಗೆ ತಲೆ ಕೊಡಬೇಕು, ಒಂದು ಆಟಕ್ಕೆ ಅರವತ್ತು ಸಲ. ಚಪ್ಪಾಳೆಯೆಲ್ಲ ಚೆಂಡು ಹೊತ್ತು ಓಡಿದವನಿಗೆ, ಇವನಿಗೆ ಐಸ್ ಚೀಲ.

ಈಗ ಅವನಿಗೆ ನಲವತ್ತೇಳು. ಒಲೆ ಹಚ್ಚಿ ಮರೆಯುತ್ತಾನೆ. ಹುಟ್ಟಿ ಬೆಳೆದ ಬೀದಿಯಲ್ಲಿ ನಿಂತು ಮನೆ ಎಲ್ಲಿ ಎಂದು ಕೇಳುತ್ತಾನೆ. ಹೋದ ತಿಂಗಳು ಹೆಂಡತಿ ಯೂಲಾಳನ್ನೇ ಯಾರೋ ಕಳ್ಳರೆಂದು ಗೋಡೆಗೆ ಒತ್ತಿ ಹಿಡಿದಿದ್ದ. ಗುರುತು ಸಿಕ್ಕ ಮೇಲೆ ನೆಲಕ್ಕೆ ಕುಸಿದು ಬಿಕ್ಕಿ ಬಿಕ್ಕಿ ಅತ್ತ. ಯೂಲಾ ಶಾಲೆಯೊಂದರಲ್ಲಿ ಅಡುಗೆಯವಳು. ಅವಳು ಕೆಲಸ ಬಿಟ್ಟರೆ ಮನೆಯ ಒಲೆ ಉರಿಯದು, ಬಿಡದಿದ್ದರೆ ಆ ಒಲೆಯೇ ಮನೆಯನ್ನು ಉರಿಸೀತು. ಆಟದಿಂದಲೇ ಇವನ ಮಿದುಳು ಕೆಟ್ಟಿದೆ ಎಂದು ಹಳೆಯ ಆಟಗಾರರ ನಿಧಿಯವರು ಒಪ್ಪಿದರೆ, ಹಗಲು ನೋಡಿಕೊಳ್ಳಲು ಒಬ್ಬ ನರ್ಸ್ ಬರುತ್ತಾಳೆ. ಯೂಲಾ ಬೇಡಿಕೊಂಡದ್ದು ಅಷ್ಟನ್ನೇ.

ಅದಕ್ಕೇ ಆ ಮಂಗಳವಾರ ಅವನಿಗೆ ಇಸ್ತ್ರಿ ಅಂಗಿ ತೊಡಿಸಿ, ಸೇತುವೆ ದಾಟಿ ಪಟ್ಟಣಕ್ಕೆ ಕರೆದುಕೊಂಡು ಹೋದಳು. ನಿಧಿಯ ಡಾಕ್ಟರು ಹತ್ತು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಅವನ್ನೇ ಕೇಳಿದರು. ಲವೆಲ್ ನಾಲ್ಕು ಹೇಳಿ ನಿಲ್ಲಿಸಿದ. ಯೂಲಾಳಿಗೆ ಸಂಕಟದ ಜೊತೆಗೆ, ಹೇಳಿದರೆ ಪಾಪ, ಒಂದಿಷ್ಟು ನೆಮ್ಮದಿಯೂ ಆಯಿತು.

ಡಾಕ್ಟರು ಹಳೆಯ ಫೈಲು ತೆರೆದರು.

"ನೋಡಿ ಅಮ್ಮ, ಇಪ್ಪತ್ತೆರಡನೇ ವಯಸ್ಸಲ್ಲೂ ಇವರು ನಾಲ್ಕೇ ಹೇಳಿದಾರೆ. ಒಂಬತ್ತು ವರ್ಷವೂ ಅಷ್ಟೇ. ಕಮ್ಮಿಯಾಗಿದೆ ಅಂತ ನಾನು ಹೇಗೆ ಬರೀಲಿ?"

ಯೂಲಾಳಿಗೆ ಹಳೆಯದೆಲ್ಲ ನೆನಪಾಯಿತು. ಪ್ರತಿ ವರ್ಷ ಆಟ ಶುರುವಾಗುವ ಮೊದಲು ತಂಡದ ಡಾಕ್ಟರುಗಳು ಇದೇ ಪರೀಕ್ಷೆ ಮಾಡುತ್ತಿದ್ದರು. ತಲೆಗೆ ಪೆಟ್ಟು ಬಿದ್ದಾಗ ಮತ್ತೆ ಕೇಳಿ, ಮೊದಲಿಗಿಂತ ಕಮ್ಮಿ ಹೇಳಿದರೆ ಹೊರಗೆ ಕೂರಿಸುವರು. ಒಂದು ವಾರ ಹೊರಗೆ ಕೂತವನ ಜಾಗದಲ್ಲಿ ಇನ್ನೊಬ್ಬ ಬೇರು ಬಿಡುತ್ತಿದ್ದ. ಅದಕ್ಕೆ ತಂಡದ ಹಿರಿಯ ಆರ್ನೆಟ್ ಮೊದಲ ದಿನವೇ ಕಿವಿಯಲ್ಲಿ ಹೇಳಿದ್ದ: "ಲೋ ತಮ್ಮ, ಹತ್ತೂ ಗೊತ್ತಿದ್ರೂ ನಾಲ್ಕೇ ಹೇಳು. ಆಮೇಲೆ ತಲೆ ಒಡೆದ್ರೂ ನಾಲ್ಕು ಹೇಳ್ತೀಯ. ಯಾವನೂ ನಿನ್ನ ಹೊರಗೆ ಕೂರಿಸಲ್ಲ." ಅಂಥ ಬುದ್ಧಿವಂತಿಕೆಗೆ ಬೆಂಕಿ ಬೀಳಲಿ! ಅವರೆಲ್ಲ ಹಾಗೇ ಮಾಡಿದರು. ಆ ಮೊದಲ ದಿನದ ಸಂಜೆ ಲವೆಲ್ ಮನೆಗೆ ಬಂದು ಹತ್ತು ಪದಗಳನ್ನೂ ಹಾಡಿನಂತೆ ಒಪ್ಪಿಸಿದ್ದ, ಯೂಲಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಅದನ್ನೆಲ್ಲ ಈಗ ಡಾಕ್ಟರಿಗೆ ಹೇಳಿದಳು. ಅವರು ಕೆಟ್ಟವರೇನಲ್ಲ, ಪೂರ್ತಿ ಕೇಳಿಸಿಕೊಂಡರು. ಆದರೆ ಹೆಂಡತಿಯ ಮಾತು ದಾಖಲೆಯಾಗದು, ಫೈಲಿನಲ್ಲಿರುವುದೇ ದಾಖಲೆ ಎಂದರು. ಅವಳು ಬೇಡಿದಳು, ಮೇಜಿನ ಅಂಚು ಹಿಡಿದು ನಿಂತೇ ಇದ್ದಳು. ಕೊನೆಗೆ ಸಹಾಯಕಿ ಬಂದು ಬಾಗಿಲು ತೆರೆದು ಹಿಡಿದಳು.

ಕಾರಿನಲ್ಲಿ ಲವೆಲ್ ಎಷ್ಟೋ ದಿನದ ಮೇಲೆ ಗೆಲುವಾಗಿದ್ದ. ಅವಳತ್ತ ಬಾಗಿ ಕಣ್ಣು ಮಿಟುಕಿಸಿದ.

"ನಾಲ್ಕೇ ಹೇಳ್ದೆ ನೋಡು. ಅವರಿಗೆ ಗೊತ್ತೇ ಆಗ್ಲಿಲ್ಲ. ಭಾನುವಾರ ಆಡಿಸ್ತಾರೆ."

ಯೂಲಾ ಸ್ಟೀರಿಂಗ್ ಗಟ್ಟಿಯಾಗಿ ಹಿಡಿದಳು.

"ಮಿಕ್ಕ ಆರು ಗೊತ್ತಿತ್ತಾ?"

"ಗೊತ್ತಿಲ್ದೆ ಏನು?"

"ಹೇಳು."

ಲವೆಲ್ ಬಾಯಿ ತೆರೆದ. ಸೇತುವೆ ಬಂತು, ಹಿಂದೆ ಉಳಿಯಿತು. ಅವನು ಇನ್ನೂ ಹುಡುಕುತ್ತಲೇ ಇದ್ದ.