ಆಯಿಲ್ ಲೈಟ್ ಉರಿದಿತ್ತು

ಹೋದ ತಿಂಗಳು ಯಶವಂತಪುರ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಆಟೋದೊಳಕ್ಕೆ ಸುಟ್ಟ ಆಯಿಲ್ಲಿನ ವಾಸನೆ ನುಗ್ಗಿತು. ಮುಂದೆ ಒಂದು ಹಳೇ ಡೀಸೆಲ್ ಕಾರಿತ್ತು. ಸಿಗ್ನಲ್ ಬಿಟ್ಟು ಅದು ಹೊರಟಾಗ ಹಿಂದಿನಿಂದ ನೀಲಿ ಹೊಗೆ ಎದ್ದಿತು. ಆಟೋದವರು ಮೂಗು ಮುಚ್ಚಿಕೊಂಡು ಬೈದರು. ನಾನು ಹೊಗೆಯನ್ನೇ ನೋಡುತ್ತಾ ಕೂತೆ... ಕಪ್ಪು ಹೊಗೆ ಬೇರೆ, ನೀಲಿ ಹೊಗೆ ಬೇರೆ, ನೀಲಿ ಅಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ ಅಂತ ನನಗೆ ಹೇಳಿಕೊಟ್ಟವರು ಮತ್ತಿಕೆರೆಯ ಗ್ಯಾರೇಜಿನ ಅಂಕಲ್.

ಆಗ ನಾವು ಆರ್.ಟಿ. ನಗರದಲ್ಲಿದ್ದೆವು. ರಿಟೈರ್ ಆದ ಮೇಲೆ ಅಪ್ಪ ಆಸೆಪಟ್ಟು ಒಂದು ಸೆಕೆಂಡ್ ಹ್ಯಾಂಡ್ ಟರ್ಬೊ ಡೀಸೆಲ್ ಕಾರು ತಂದಿದ್ದರು. ಭಾನುವಾರ ತಾವೇ ಬಕೆಟ್ ಹಿಡಿದು ತೊಳೆಯುತ್ತಿದ್ದರು. ನಾನು ಯಲಹಂಕದ ಒಂದು ಕಾಲೇಜಿಗೆ ಪಾಠ ಮಾಡಲು ಸೇರಿದ ವರ್ಷ ಕಾರು ತೊಂದರೆ ಕೊಡಲು ಶುರುಮಾಡಿತು. ನೆಲದ ಮೇಲೆ ಒಂದು ತೊಟ್ಟೂ ಸೋರದಿದ್ದರೂ ಆಯಿಲ್ ಕಮ್ಮಿಯಾಗುತ್ತಿತ್ತು. ಇಂಜಿನ್ ಬಿಸಿಯಾದ ಮೇಲೆ ಎಲ್ಲಾದರೂ ನಿಂತರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಆಯಿಲ್ ಲೈಟ್ ಮಿಣುಕುತ್ತಿತ್ತು. ದೊಡ್ಡ ವರ್ಕ್‌ಶಾಪಿನವರು ಬಾನೆಟ್ ಎತ್ತಿದವರೇ ಇಂಜಿನ್ನಿಗೆ ಗಾಳಿ ನುಗ್ಗಿಸುವ ಟರ್ಬೊ ಹೋಗಿದೆ, ಹೊಸದೇ ಹಾಕಬೇಕು ಅಂದುಬಿಟ್ಟರು. ಅಪ್ಪನಿಗೆ ಸಮಾಧಾನವಾಗಲಿಲ್ಲ. ಯಾರೋ ಹೇಳಿದರು ಅಂತ ಮತ್ತಿಕೆರೆಗೆ ಹೋದೆವು.

ಗ್ಯಾರೇಜು ಅಂದರೆ ಹಳೇ ಊರಿನ ಸಂದಿಯಲ್ಲಿ ಶೀಟ್ ಹೊದಿಸಿದ ಒಂದು ಜಾಗ. ಅವರ ತಂದೆಯ ಕಾಲದಲ್ಲಿ ಅಲ್ಲಿ ಎಮ್ಮೆ ಕಟ್ಟುತ್ತಿದ್ದರಂತೆ. ಸುತ್ತಲೂ ಕಾಲೇಜು ಹುಡುಗರ ಬಾಡಿಗೆ ರೂಮುಗಳು ಎದ್ದಿದ್ದವು. ಅಂಕಲ್ ಬಾನೆಟ್ ಮುಟ್ಟಲಿಲ್ಲ. ನಮ್ಮಿಬ್ಬರನ್ನೂ ಸ್ಟೂಲಿನ ಮೇಲೆ ಕೂರಿಸಿ ಒಂದೊಂದೇ ಕೇಳುತ್ತಾ ಹೋದರು. ಹೊಗೆ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗಲೋ, ನಿಂತು ಹೊರಡುವಾಗಲೋ? ಲೈಟ್ ಮಿಣುಕೋದು ಓಡುವಾಗಲೂ ಉಂಟೋ, ನಿಂತಾಗ ಮಾತ್ರವೋ? ಅಪ್ಪ ಅರ್ಧಂಬರ್ಧ ಹೇಳಿದರೆ ನನ್ನ ಕಡೆ ತಿರುಗುತ್ತಿದ್ದರು.

"ಓಡ್ಸೋರ ಮಾತು ಸರಿಯಾಗಿದ್ರೆ ಅರ್ಧ ಕೆಲ್ಸ ಅಲ್ಲೇ ಮುಗೀತು ಕಣಮ್ಮ" ಅಂದರು.

ಆಮೇಲೆ ಇಂಜಿನ್ನಿನ ಪಕ್ಕದಿಂದ ಒಂದು ಪುಟ್ಟ ಸ್ವಿಚ್ ಬಿಚ್ಚಿದರು. ಲೈಟ್ ಉರಿಸೋದು ಅದೇ. ಅದರ ಜಾಗಕ್ಕೆ ಪ್ರೆಶರ್ ತೋರಿಸುವ ಗೇಜು ಕೂರಿಸಿ ಇಂಜಿನ್ ಬಿಸಿಯಾಗಲು ಬಿಟ್ಟರು. ಮೊದಲು ಮೇಲಿದ್ದ ಮುಳ್ಳು ಬರಬರುತ್ತಾ ಕೆಳಗಿಳಿಯಿತು. ಹಾಗಾದರೆ ಲೈಟ್ ನಿಜವನ್ನೇ ಹೇಳುತ್ತಿತ್ತು. ಟರ್ಬೊದ ಪೈಪ್ ಕಳಚಿ ಒಳಗಿನ ಶಾಫ್ಟನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದರು. ಅದು ಗಟ್ಟಿಯಾಗಿತ್ತು, ಅಂದರೆ ಟರ್ಬೊ ಕೆಟ್ಟಿರಲಿಲ್ಲ. ಟರ್ಬೊದಿಂದ ಆಯಿಲ್ ವಾಪಸ್ ಇಳಿಯುವ ಪೈಪ್ ತೆಗೆದಾಗ ಅದರೊಳಗೆ ಟಾರಿನಂಥ ಕಪ್ಪು ಗಸಿ ಕಟ್ಟಿಕೊಂಡಿತ್ತು. ಇಳಿಯಲು ದಾರಿಯಿಲ್ಲದ ಆಯಿಲ್ ಪಕ್ಕಕ್ಕೆ ನುಗ್ಗಿ ಸುಡುತ್ತಿತ್ತು. ಇಂಜಿನ್ನಿನ ತಳ ಬಿಚ್ಚಿದರೆ ಆಯಿಲ್ ಎಳೆಯುವ ಜಾಲರಿಗೂ ಅದೇ ಗಸಿ. ಹಿಂದೆ ಕಾರು ಇಟ್ಟುಕೊಂಡಿದ್ದವರು ವರ್ಷಗಟ್ಟಲೆ ಆಯಿಲ್ ಬದಲಾಯಿಸಿರಲಿಲ್ಲ.

ಮೂರು ದಿನ ಬಿಟ್ಟು ಕಾರು ತರಲು ನಾನೊಬ್ಬಳೇ ಹೋದೆ. ಗಸಿಯೆಲ್ಲ ತೊಳೆದು ಕೂರಿಸಿದ ಮೇಲೆ ಹೊಗೆ ನಿಂತಿತ್ತು. ಬಿಸಿ ಇಂಜಿನ್ನಿನಲ್ಲೂ ಮುಳ್ಳು ಮೇಲೇ ನಿಲ್ಲುವುದನ್ನು ತೋರಿಸಿ, ಗೇಜು ತೆಗೆದು, ಸ್ವಿಚ್ ಹಾಕಿ, ವೈರ್ ಕೂರಿಸಿದರು. ಕೈ ಒರೆಸಿಕೊಳ್ಳುತ್ತಾ ಅಂದರು, "ಹಳೇ ಗಸಿ ಇನ್ನೂ ಒಳಗಡೆ ಎಲ್ಲಾದ್ರೂ ಇರ್ತದೆ. ಕಿತ್ಕೊಂಡು ಬಂದು ಮತ್ತೆ ಅಡ್ಡ ಕೂತ್ಕೊಂಡ್ರೆ ಲೈಟ್ ಉರೀತದೆ. ಉರೀತು ಅಂದ್ರೆ ಅಲ್ಲೇ ಆಫ್ ಮಾಡ್ಬಿಡು. ರೋಡ್ ಮಧ್ಯ ಆದ್ರೂ ಸರಿ. ಹತ್ತು ಅಡಿನೂ ಓಡಿಸ್ಬೇಡ."

ಈ ಮಾತನ್ನು ನಾನು ಅಪ್ಪನಿಗೆ ಹೇಳಲಿಲ್ಲ. ಹೇಳಲು ಮರೆತೇ ಹೋಗಿತ್ತು.

ಎರಡು ವಾರದ ನಂತರ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ತಡವಾಗಿತ್ತು ಅಂತ ಕಾರು ತೆಗೆದುಕೊಂಡು ಹೊರಟೆ. ಹೆಬ್ಬಾಳದ ಫ್ಲೈಓವರ್ ಇಳಿಯುವಾಗ ಕೆಂಪು ಲೈಟ್ ಹತ್ತಿತು. ಈ ಸಲ ಮಿಣುಕಲಿಲ್ಲ, ನೆಟ್ಟಗೆ ಉರಿಯಿತು. ಏರ್‌ಪೋರ್ಟಿನ ಮೇಲ್ಸೇತುವೆಗಾಗಿ ರಸ್ತೆಯನ್ನೆಲ್ಲ ಅಗೆದುಹಾಕಿದ್ದ ಕಾಲ ಅದು. ಪಕ್ಕಕ್ಕೆ ನಿಲ್ಲಿಸಲು ಜಾಗವಿರಲಿಲ್ಲ. ಹಿಂದೆ ಬಸ್ಸಿನವನು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದ. ನಡುರಸ್ತೆಯಲ್ಲಿ ಕಾರು ನಿಲ್ಲಿಸಿಕೊಂಡು ಎಲ್ಲರ ಬಾಯಿಗೆ ಬೀಳಲು ನಾಚಿಕೆಯಾಯಿತು. ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಅಂದುಕೊಂಡು ಓಡಿಸಿದೆ. ಜಾಗ ಸಿಕ್ಕಿದಾಗಲೂ ನಿಲ್ಲಿಸಲಿಲ್ಲ, ನಿಜ ಹೇಳಬೇಕಲ್ಲ... ಜಕ್ಕೂರು ದಾಟುವಾಗ ಟಕಟಕ ಅಂತ ಶಬ್ದ ಶುರುವಾಗಿ, ಒಂದು ಸಲ ಜಗ್ಗಿದಂತಾಗಿ ಇಂಜಿನ್ ನಿಂತೇಹೋಯಿತು.

ಅಪ್ಪನಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಮಾತು, ಲೈಟ್ ಬಂದಿತ್ತಾ ಅಂತ. ಬರಲಿಲ್ಲ ಅಂದೆ. ಯೋಚನೆ ಮಾಡುವ ಮೊದಲೇ ಬಾಯಿಂದ ಬಂದುಬಿಟ್ಟಿತ್ತು.

ಕಾರನ್ನು ಮತ್ತಿಕೆರೆಗೆ ಎಳೆಸಿಕೊಂಡು ಹೋದೆವು. ಇಂಜಿನ್ ಬಿಚ್ಚಿದ ದಿನ ಅಪ್ಪನ ಜೊತೆ ನಾನೂ ಇದ್ದೆ. ಬೇರಿಂಗುಗಳು ಸುಟ್ಟು ಬಣ್ಣ ತಿರುಗಿದ್ದವು. ಅಪ್ಪ ನಾಲ್ಕು ಜನರ ಮುಂದೆ ದನಿ ಎತ್ತರಿಸಿ ಮಾತಾಡಿದರು. ಅಂಕಲ್ ಕೀ ತಿರುಗಿಸಿ ಲೈಟ್ ನೋಡಿದರು, ಆಫ್ ಮಾಡಿದರು, ಮತ್ತೆ ತಿರುಗಿಸಿದರು. ಪ್ರತಿ ಸಲವೂ ಲೈಟ್ ಸರಿಯಾಗೇ ಉರಿಯುತ್ತಿತ್ತು. ಅಪ್ಪ ಹೊರಗೆ ಹೋದಾಗ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ನಿಜವಾಗ್ಲೂ ಉರೀಲಿಲ್ವೇನಮ್ಮ?"

"ಇಲ್ಲ ಅಂಕಲ್."

ನನ್ನ ಮುಖ ನೋಡಿ ತಲೆಯಾಡಿಸಿದರು. ಅನುಮಾನದ ನೋಟವಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ನನ್ನನ್ನು ನಂಬಿದ್ದರು.

"ಅಂಗಾದ್ರೆ ವೈರ್ ನಾನೇ ಸರ್ಯಾಗಿ ಕೂರ್ಸಿಲ್ಲ, ಓಡೋವಾಗ ಅಲ್ಲಾಡಿ ಬಿಟ್ಕೊಂಡಿರ್ತದೆ" ಅಂದರು. ಅಪ್ಪನಿಗೂ ಅದನ್ನೇ ಹೇಳಿ ಕೈ ಮುಗಿದರು. ಇಂಜಿನ್ ತಾನೇ ಕಟ್ಟಿಕೊಡುತ್ತೇನೆ ಅಂದರೂ ಅಪ್ಪ ಒಪ್ಪಲಿಲ್ಲ. ಕಾರು ಗುಜರಿಗೆ ಹೋಯಿತು.

ಸುಮಾರು ಒಂದೂವರೆ ವರ್ಷದ ಮೇಲೆ ಮತ್ತಿಕೆರೆಯಲ್ಲಿ ಗೆಳತಿಯ ಮನೆಗೆ ಹೋಗುವಾಗ ಅವರನ್ನು ನೋಡಿದೆ. ಒಂದು ಸ್ಕೂಟರಿಗೆ ಗಾಳಿ ತುಂಬುತ್ತಿದ್ದರು. ಶೀಟಿನ ಕೆಳಗೆ ಒಂದೂ ಕಾರಿರಲಿಲ್ಲ. ನನ್ನನ್ನು ಗುರುತಿಸಿ, ಕಾಲೇಜು ಎಂಗಿದೆ, ಅಪ್ಪ ಎಂಗವ್ರೆ ಅಂತ ಕೇಳಿದರು. ಇಂಜಿನ್ ಕೆಲಸ ಬಿಟ್ಟುಬಿಟ್ಟಿರಾ ಅಂದೆ.

"ಬಿಟ್ಟೆ ಕಣಮ್ಮ. ಕೈ ಮೇಲಿನ ನಂಬಿಕೆ ಓಯ್ತು. ಅಷ್ಟೆಲ್ಲಾ ಮಾಡಿ ಒಂದು ವೈರ್ ಕೂರ್ಸಕ್ಕೆ ಬರ್ಲಿಲ್ಲ ಅಂದ್ರೆ... ಇನ್ನೊಬ್ರ ಗಾಡಿ ಯಾಕೆ ಆಳ್ ಮಾಡ್ಬೇಕು?"

ಆಗ ಹೇಳಬಹುದಿತ್ತು. ಬಾಯಿ ತೆರೆದಿದ್ದೆ ಕೂಡ. ಅಷ್ಟರಲ್ಲಿ ಇನ್ಯಾರೋ ಗಾಳಿಗೆ ಬಂದರು. ಮುಂದಿನ ವಾರ ಬಂದು ಹೇಳೋಣ ಅಂದುಕೊಂಡು ಹೊರಟೆ. ಆಮೇಲೆ ಪರೀಕ್ಷೆಗಳು ಬಂದವು, ನನ್ನ ಮದುವೆಯಾಯಿತು, ವಿದ್ಯಾರಣ್ಯಪುರಕ್ಕೆ ಬಂದುಬಿಟ್ಟೆ. ಮುಂದಿನ ವಾರ ಬರಲೇ ಇಲ್ಲ.

ಕೊನೆಗೆ ಅಪ್ಪನಿಗೆ ಹೇಳಿದೆ, ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ. ಅಪ್ಪ ಬೈಯಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ ಕೈ ತೊಳೆದುಕೊಂಡು ಬಂದು, ನಡಿ ಅಂದರು. ಮತ್ತಿಕೆರೆಗೆ ಹೋದೆವು.

ಗ್ಯಾರೇಜಿಗೆ ಬೀಗ ಹಾಕಿತ್ತು. ಹಿಂದಿನ ಮನೆಯ ಬಾಗಿಲು ತೆಗೆದವರು ಅವರ ಹೆಂಡತಿ. ಅಂಕಲ್ ತೀರಿಕೊಂಡು ಎಂಟು ತಿಂಗಳಾಯಿತಂತೆ. ಹಾರ್ಟ್ ಅಟ್ಯಾಕ್. ಅಪ್ಪ ಅಲ್ಲೇ ಜಗಲಿಯ ಮೇಲೆ ಕೂತರು. ನಾನು ನಿಂತುಕೊಂಡೇ ಎಲ್ಲಾ ಹೇಳಿದೆ, ಲೈಟ್ ಉರಿದಿದ್ದು, ನಾನು ಓಡಿಸಿದ್ದು, ಸುಳ್ಳು ಹೇಳಿದ್ದು. ಆಂಟಿ ಅಳಲಿಲ್ಲ, ಕೋಪವನ್ನೂ ಮಾಡಿಕೊಳ್ಳಲಿಲ್ಲ. ಸೆರಗಿನ ಅಂಚು ಮಡಚುತ್ತಾ ಕೂತರು.

"ಊಟಕ್ಕೆ ಕೂತಾಗ್ಲೂ ಅದೇ ಯೋಚ್ನೆ ಮಾಡೋರು, ಎಲ್ಲಿ ತಪ್ಪಿದೆ ಅಂತ" ಅಂದರು. ಆಮೇಲೆ, "ಅವ್ರಿಗೆ ಯೇಳ್ಬೇಕಿತ್ತು ಕಣಮ್ಮ. ನಂಗೆ ಯೇಳಿ ಏನ್ ಬಂತು?"

ಈಗ ಆ ಜಾಗದಲ್ಲಿ ನಾಲ್ಕಂತಸ್ತಿನ ಪಿ.ಜಿ. ಎದ್ದಿದೆ. ಆಂಟಿ ಮಗಳ ಮನೆಗೆ ಹೋದರಂತೆ, ಎಲ್ಲಿ ಅಂತ ಅಕ್ಕಪಕ್ಕದವರಿಗೆ ಗೊತ್ತಿಲ್ಲ. ಅಪ್ಪನೂ ಹೋದ ವರ್ಷ ತೀರಿಕೊಂಡರು. ಇದನ್ನೆಲ್ಲ ಈಗ ಬರೆದರೆ ಯಾರಿಗೂ ಏನೂ ವಾಪಸ್ ಸಿಗುವುದಿಲ್ಲ, ನನಗೆ ಗೊತ್ತು. ಆದರೂ ಎಲ್ಲಾದರೂ ಒಂದು ಕಡೆ ಇರಲಿ... ಅವರು ಕೂರಿಸಿದ ವೈರ್ ಸರಿಯಾಗೇ ಇತ್ತು.