ಅರಕ್ಕೆ ಜಗ್ಗದ ಪಿನ್ನು

ಬ್ಯಾಡಗಿಯಲ್ಲಿ ಅವ್ವ ಖಾರದಪುಡಿಯ ಗಿರಣಿ ನಡೆಸುತ್ತಾಳೆ. ಗಿರಣಿಗೆ ಬೇಕಾದ ಉಕ್ಕಿನ ಬಿಡಿಭಾಗ ಗಟ್ಟಿಯೋ ಅಲ್ಲವೋ ಎಂದು ಅರದಿಂದ ಉಜ್ಜಿ ನೋಡಿಯೇ ಕೊಳ್ಳುತ್ತಾಳೆ. ನಾನು ವಿಮಾನದ ಚಕ್ರಗಳನ್ನು ಹೊರುವ ಪಿನ್ನುಗಳಿಗೆ ಸವೆಯದ ಲೇಪ ಹಾಕುವ ಕಾರ್ಖಾನೆಯಲ್ಲಿದ್ದೇನೆ. "ಬಣ್ಣ ಹಚ್ಚೂ ಕೆಲಸ" ಎಂದು ಆಕೆ ಎಲ್ಲರಿಗೂ ಹೇಳುತ್ತಿದ್ದಳು.

ಕಳೆದ ಸಲ ಊರಿಗೆ ಹೋಗುವಾಗ, ಪರೀಕ್ಷೆಗೆಂದು ನಾನೇ ಲೇಪ ಹಾಕಿದ್ದ ಪಿನ್ನೊಂದನ್ನು ಮೇಲಿನವರನ್ನು ಕೇಳಿ ಒಯ್ದೆ. ಗಿರಣಿಯಲ್ಲಿ ಅವ್ವ ಅರ ತಂದು ಬಲವಾಗಿ ಉಜ್ಜಿದಳು. ಅರ ಜಾರಿತು. ಮತ್ತೆ ಉಜ್ಜಿದಳು. ಪಿನ್ನಿನ ಮೇಲೆ ಗೀರು ಮೂಡಲಿಲ್ಲ, ಅರದ ಹಲ್ಲೇ ಮೊಂಡಾಯಿತು.

"ಇದನ್ನ ನೀನ ಮಾಡೀಯೇನು?"

"ಹೂಂ. ಲೇಪ ಕೂದಲಿನಷ್ಟು ದಪ್ಪ ಐತಿ, ಅಷ್ಟ."

ಆಕೆ ಪಿನ್ನನ್ನು ಸೆರಗಿನಿಂದ ಒರೆಸಿ, ಮೆಣಸಿನಕಾಯಿ ತಂದಿದ್ದ ಹೆಂಗಸಿನ ಕೈಗಿಟ್ಟಳು. "ವಿಮಾನ ಇಂಥಾದರ ಮ್ಯಾಲ ಇಳೀತೈತ್ರಿ. ನನ್ನ ಮಗಳು ಮಾಡ್ಯಾಳ."